ಇನ್ನೂರನೆಯ ಮೂಗು

ಎಪ್ಪತ್ತೆಂಟು, ಅಲ್ಲ, ಎಂಬತ್ತರ ಮೇಲೆಯೇ ಇದ್ದೀತು — ಆಧಾರ್ ತೋರಸ್ರಿ ಅಕ್ಕಾರ ಎಂದು ಕಂಡಕ್ಟರ್ ಬಗ್ಗಿದಾಗ ಗುಲ್ಶನಳ ಕಣ್ಣು ಅವನ ಹುಬ್ಬುಗಳ ನಡುವಿನ ತಗ್ಗಿನಿಂದ ಹೊರಟು ಮೂಗಿನ ಏಣಿನ ಮೇಲೆ ಜಾರಿ ಮೇಲ್ದುಟಿಯ ಬುಡದಲ್ಲಿ ನಿಂತು, ಅಲ್ಲಿಂದ ಈ ಹೊಳ್ಳೆಯಿಂದ ಆ ಹೊಳ್ಳೆಗೆ ಅಡ್ಡ ಹಾಯ್ದು, ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿ ಲೆಕ್ಕ ಮುಗಿಸಿಯೇಬಿಟ್ಟಿತ್ತು, ಮಧ್ಯಮ ಮೂಗು, ಗಂಡು, ಮೂವತ್ತೈದರ ಆಸುಪಾಸು — ಸಾಕು, ಬಿಡು, ಎಂದು ತನ್ನ ಕಣ್ಣಿಗೆ ತಾನೇ ಗದರಿಸಿಕೊಂಡು ಅವಳು ಕಾರ್ಡು ತೋರಿಸಿದಳು, ಕೊಪ್ಪಳ ಅಂದಳು, ಪುಕ್ಕಟೆ ಟಿಕೆಟ್ಟು ಕೈಗೆ ಬಂತು, ಕಂಡಕ್ಟರ್ ಮುಂದಿನ ಸೀಟಿಗೆ ಹೋದ, ಅವನ ಮೂಗು ಮಾತ್ರ ಇಲ್ಲಿಯೇ ಉಳಿಯಿತು, ಎರಡು ವರ್ಷ ನಾನೂರು ಮುಖ ಹಿಡಿದು ಅಳೆದವಳಿಗೆ ಮುಖವೆಂದರೆ ಮೂಗೇ, ಮದುವೆಗೆ ಹೋದರೂ ಮಣ್ಣಿಗೆ ಹೋದರೂ ಮೂಗೇ, ಗಂಗಾವತಿಯ ನರ್ಸಿಂಗ್ ಕಾಲೇಜಿನಲ್ಲಿ ಅಂಗರಚನೆ ಪಾಠ ಹೇಳುವಾಗ ಮುಂದಿನ ಬೆಂಚಿನ ಹುಡುಗಿಯರ ಹೆಸರು ನೆನಪಿರುವುದಿಲ್ಲ, ಮೂಗು ನೆನಪಿರುತ್ತದೆ. ಹಾಗಿದ್ದೂ ಮೊನ್ನೆ ಮಧ್ಯಾಹ್ನ ಫೋನಿನಲ್ಲಿ ಆ ಹೆಂಗಸು, ನಾನು ಮೆಹಬೂಬಬೀ ಅಂತ್ರಿ, ಕೊಪ್ಪಳದಾಗ ಹೆಣ್ಣಮಕ್ಕಳ ಸಹಾಯ ಕೇಂದ್ರ ನಡಸ್ತೀವ್ರಿ, ಗುಲ್ಶನ್ ಮೇಡಂ ನೀವ ಅಲ್ಲೇನ್ರಿ, ನಿಮ್ಮ ಸಹಿ ಇರೋದೊಂದು ಕಾರ್ಡು ಇಲ್ಲಿ ಬಂದೈತಿ, ಇನ್ನೂರನೇ ನಂಬರು, ಭಾಗ್ಯನಗರದ ಅನ್ನಮ್ಮ ಅಂತ, ನೆನಪೈತೇನ್ರಿ ಎಂದು ಕೇಳಿದಾಗ, ಇಲ್ರಿ, ಭಾಳ ಮಂದಿ ಇದ್ರು, ನೆನಪಾಗವಲ್ದು ಅಂದಿದ್ದಳಲ್ಲ, ಅದೂ ಕಣ್ಣು ಮಿಟುಕಿಸುವುದರೊಳಗೆ, ಸುಳ್ಳು ನಾಲಗೆಯ ತುದಿಯಲ್ಲೇ ಸಿದ್ಧವಾಗಿ ಕುಳಿತಿದ್ದಂತೆ. ನೆನಪಿತ್ತು. ನಾನೂರರಲ್ಲಿ ಮುನ್ನೂರ ತೊಂಬತ್ತೊಂಬತ್ತನ್ನು ಕಣ್ಣು ನೆನಪಿಟ್ಟಿತ್ತು, ಅದೊಂದನ್ನು ಬೆರಳು.

ಎಡಗೈ ತೋರುಬೆರಳು. ಈಗಲೂ ಅದನ್ನು ಹೆಬ್ಬೆರಳಿಗೆ ಉಜ್ಜಿಕೊಳ್ಳುತ್ತ ಕುಳಿತಿದ್ದಾಳೆ, ಕಿಟಕಿಯ ಹೊರಗೆ ಅಕ್ಕಿ ಗಿರಣಿಗಳು ಮುಗಿದು ಗದ್ದೆ ಶುರುವಾಗಿದೆ, ಹಸಿರು ಕಣ್ಣಿಗೆ ಚುಚ್ಚುತ್ತದೆ, ಮೆಹಬೂಬಬೀ ಆಮೇಲೆ ನಿಧಾನ ಬಿಡಿಸಿ ಹೇಳಿದ್ದರು, ಆಕಿ ಗಂಡ ಹಾಲೇಶ ಹೊಡದು ಮೂಗು ಮುರದಾನಂತ್ರಿ, ಹೋದ ತಿಂಗಳ, ಅದು ಮೊದಲನೇ ಸಲ ಅಲ್ಲ ಅಂತಾಳ ಆಕಿ, ಅವ ಏನಂತಾನಂದ್ರ ಬಚ್ಚಲದಾಗ ಜಾರಿ ಬಿದ್ದಾಳ, ಮೂಗು ಹುಟ್ಟಿದ್ದ ಹಂಗ, ಬೇಕಂದ್ರ ನೋಡ್ರಿ ದೊಡ್ಡ ಕಾಲೇಜಿನ ಡಾಕ್ಟರ್ ಮುಟ್ಟಿ ನೋಡಿ ಬರದ ಕೊಟ್ಟಾರ ಅಂತ ನಿಮ್ಮ ಕಾರ್ಡು ತಂದು ಟೇಬಲ್ಲಿನ ಮ್ಯಾಲಿಟ್ಟಾನ, ಪ್ಲಾಸ್ಟಿಕ್ ಹಾಕಿಸ್ಯಾನ್ರಿ ಮೇಡಂ ಅದಕ್ಕ, ಕೆಡಬಾರದಂತ. ಕೆಡಬಾರದಂತ! ಆ ಕಾರ್ಡು ಅವಳೇ ಬರೆದು ಅಚ್ಚು ಹಾಕಿಸಿದ್ದು, ತಿಳಿ ಹಳದಿ, ಅಂಗೈಯಷ್ಟು, ಮೇಲೆ ಅವಳು ಆಗ ಓದುತ್ತಿದ್ದ ಮೆಡಿಕಲ್ ಕಾಲೇಜಿನ ಸೀಲು, ಹೆಸರು, ವಯಸ್ಸು, ಮೂಗಿನ ಉದ್ದ, ಮೂಗಿನ ಅಗಲ, ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು, ಮೂಗಿನಲ್ಲಿ ಯಾವುದೇ ಹಳೆಯ ಗಾಯ ಅಥವಾ ವಿಕಾರ ಕಂಡುಬಂದಿಲ್ಲ, ಅದರ ಕೆಳಗೆ ಡಾ. ಗುಲ್ಶನ್, ಅದರ ಕೆಳಗೆ ಒಂದು ಗೆರೆ. ನಾನೂರು ಕಾರ್ಡಿಗೂ ಅದೇ ಸಾಲು, ಪೆಟ್ಟು ಬಿದ್ದ ಮೂಗನ್ನು ಅಳೆಯುವುದೇ ಇಲ್ಲವಲ್ಲ, ನಿಯಮ ಅದು, ಪೆಟ್ಟು ಬಿದ್ದದ್ದನ್ನು ಬಿಟ್ಟುಬಿಡಬೇಕು, ಬಿಟ್ಟು ಮುಂದಿನವರನ್ನು ಕರೆಯಬೇಕು.

ಯಾಕೆ ಅಳೆಯುತ್ತೀರಿ ಎಂದು ಎಲ್ಲರೂ ಕೇಳುತ್ತಿದ್ದರು, ಕುಷ್ಟಗಿಯಲ್ಲಿ, ಯಲಬುರ್ಗಿಯಲ್ಲಿ, ಸಂತೆಯ ದಿನ ಚಹಾದಂಗಡಿಯ ಮುಂದೆ, ಮೂಗ ಅಳದ ಏನ ಮಾಡ್ತೀರಿ, ಟೋಪಿ ಹೊಲಸ್ತೀರೇನು ಅಂತ, ಅವಳು ಮೊದಮೊದಲು ಪಾಠದ ಹಾಗೆ ಹೇಳುತ್ತಿದ್ದಳು, ಒಂದೊಂದು ಸೀಮೆಯ ಹವೆಗೆ ಒಂದೊಂದು ಮೂಗು, ಗಂಡಸರದು ಒಂದು ನಮೂನೆ, ಹೆಂಗಸರದು ಒಂದು ನಮೂನೆ, ನಮ್ಮ ಕಡೆ ಯಾರೂ ಅಳೆದಿಲ್ಲ, ಅಳೆದಿಟ್ಟರೆ ಮುಂದೆ ಮೂಗಿನ ಆಪರೇಷನ್ ಮಾಡುವವರಿಗೆ ಉಪಯೋಗ, ಯಾರದೋ ಎಲುಬು ಸಿಕ್ಕರೆ ಗಂಡೋ ಹೆಣ್ಣೋ ಹೇಳಬಹುದು, ಆಮೇಲಾಮೇಲೆ ಬರೀ ನಗುತ್ತಿದ್ದಳು, ಕುಂದರ್ರಿ, ಎರಡ ನಿಮಿಷ. ಕಿನ್ನಾಳದಲ್ಲಿ ಗೊಂಬೆ ಮಾಡುವ ಒಬ್ಬ ಮುದುಕ, ಹುಣಸೆ ಬೀಜದ ಅಂಟು ಉಗುರಿನ ಸಂದಿಯಲ್ಲಿ ಒಣಗಿದವನು, ಮೂಗು ಹಿಡಿದು ಅಳೆಯುವ ಕ್ಯಾಲಿಪರನ್ನು ಇಸಿದುಕೊಂಡು ತಿರುವಿ ಮುರುವಿ ನೋಡಿ, ತಂಗೀ, ಗಂಡಿನ ಮೂಗು ಹೆಣ್ಣಿನ ಮೂಗು ಅಂತ ನಮಗೇನ ಬ್ಯಾರೆ ಇಲ್ಲ, ಒಂದ ಉಳಿ, ಒಂದ ಕೈ, ನತ್ತ ಬರದ್ರ ಹೆಣ್ಣು, ಮೀಸಿ ಬರದ್ರ ಗಂಡು ಅಂದಿದ್ದ, ಮುರಿದದ್ದನ್ನು ಅಂಟಿಸಿ ಬಣ್ಣ ಹಚ್ಚಿದ ಒಂದು ಗೌರಿಯನ್ನು ಅವಳ ಕೈಗೆ ಕೊಟ್ಟು, ಎಲ್ಲಿ ಮುರದಿತ್ತು ಹೇಳು ನೋಡೋಣ ಅಂದ, ಎಷ್ಟು ನೋಡಿದರೂ ಕಾಣಲಿಲ್ಲ, ಕಣ್ಣ ಮುಚ್ಚಿ ಮುಟ್ಟು ಅಂದ, ಮುಟ್ಟಿದೊಡನೆ ಸಿಕ್ಕಿತು, ಮೂಗಿನ ಮೇಲೆ, ಕೂದಲೆಳೆಯಷ್ಟು ಏರು. ಮುದುಕ ನಕ್ಕಿದ್ದ. ಅವಳೂ ನಕ್ಕಿದ್ದಳು.

ಬಸ್ಸು ಗಕ್ಕನೆ ನಿಂತಿತು, ಎಮ್ಮೆ, ಮತ್ತೆ ಹೊರಟಿತು, ಪಕ್ಕದ ಅಜ್ಜಿಯ ಮಡಿಲಿನಿಂದ ಒಂದು ಟೊಮೆಟೊ ಉರುಳಿ ಸೀಟಿನಡಿಗೆ ಹೋಯಿತು, ಗುಲ್ಶನ ಬಗ್ಗಿ ಎತ್ತಿಕೊಟ್ಟಳು, ಛಲೋ ಮಗಳು ನೀನು ಅಂದಳು ಅಜ್ಜಿ, ಅಷ್ಟಕ್ಕೇ ಅವಳ ಕಿವಿ ಬಿಸಿಯಾಯಿತು. ಛಲೋ ಮಗಳು. ಭಾಗ್ಯನಗರದ ಕೂದಲು ಶೆಡ್ಡಿನ ಹೆಂಗಸರೂ ಹಾಗೇ ಅಂದಿದ್ದರು, ಎಷ್ಟ ಹಗೂರ ಮುಟ್ತೀರಿ ಮೇಡಂ, ಗುಬ್ಬಿ ಕುಂತಂಗ ಆತು ನೋಡ್ರಿ. ತಗಡಿನ ಶೆಡ್ಡು, ಗೋಡೆಗುಂಟ ಜೋತುಬಿದ್ದ ಕೂದಲ ಕಂತೆಗಳು, ಎಲ್ಲೆಲ್ಲಿಯವರ ತಲೆಯಿಂದಲೋ ಬಂದ ಕೂದಲನ್ನು ಬಾಚಿ ಬಿಡಿಸಿ ಉದ್ದಕ್ಕೆ ತಕ್ಕಂತೆ ಬೇರೆ ಬೇರೆ ಮಾಡುವ ಹೆಂಗಸರು, ಧೂಳಿಗೆ ಮೂಗಿನ ಮೇಲೆ ಸೆರಗು ಕಟ್ಟಿಕೊಂಡು ಕೂತವರು ಅವಳ ಮುಂದಿನ ಸ್ಟೂಲಿಗೆ ಬಂದು ಸೆರಗು ಇಳಿಸಿದಾಗ ಆ ಮೂಗುಗಳು ನಾಚಿಕೊಂಡಂತೆ ಕಾಣುತ್ತಿದ್ದವು, ನಾವು ಕೂದಲ ಅಳೀತೀವಿ, ನೀವು ಮೂಗ ಅಳೀರಿ, ಕಿವಿ ಅಳಿಯಾಕ ಯಾರ ಬರ್ತಾರ ಅಂತ ಒಬ್ಬಾಕೆ, ಎಲ್ಲರೂ ಬಿದ್ದು ಬಿದ್ದು ನಗು, ನತ್ತು ತೆಗೆಯುವುದಿಲ್ಲ ಎಂದವರಿಗೆ ಅವಳು ಬಲವಂತ ಮಾಡುತ್ತಿರಲಿಲ್ಲ, ನತ್ತಿನ ಹೊರಗಿನಿಂದ ಹಗುರಾಗಿ ಹಿಡಿದು ಅಳೆಯುತ್ತಿದ್ದಳು, ಒಳ್ಳೆಯವಳು, ತಿಳಿದವಳು, ಮರ್ಯಾದೆ ಗೊತ್ತಿದ್ದವಳು. ಅಷ್ಟೂ ಹೆಂಗಸರನ್ನು ಮೂರು ದಿನ ಸಾಲಾಗಿ ಕಳಿಸಿದವನು ಹಾಲೇಶ, ಶೆಡ್ಡಿನ ಮೇಸ್ತ್ರಿ, ನಲವತ್ತರ ಒಳಗಿನವನು, ಇಸ್ತ್ರಿಯ ಅಂಗಿ, ಮಾತು ಬೆಣ್ಣೆ, ಮೇಡಮ್ಮಾರ ಅನ್ನದೆ ಬಾಯಿ ತೆರೆಯುತ್ತಿರಲಿಲ್ಲ, ಫ್ಯಾನು ಅವಳ ಕಡೆ ತಿರುಗಿಸಿಟ್ಟವನು ಅವನು, ದಿನಕ್ಕೆ ಎರಡು ಸಲ ಚಹಾ ತರಿಸಿದವನು ಅವನು, ಏನರ ಒಂದ ಚೀಟಿ ಕೊಡ್ರಿ ಮೇಡಮ್ಮಾರ, ಮಂದಿಗೆ ಹುರುಪು ಬರತೈತಿ, ಸೀಲು ಇದ್ರ ಇನ್ನೂ ಛಲೋ ಎಂದು ಆ ಕಾರ್ಡಿನ ಉಪಾಯವನ್ನು, ಎಲ್ಲಿಯೂ ಅಳತೆ ಶುರುಮಾಡುವ ಮುಂಚಿನ ಮೊದಲ ಭೇಟಿಯಲ್ಲೇ ಹೇಳಿಕೊಟ್ಟವನೂ ಅವನೇ. ಅವನ ಮೂಗನ್ನೂ ಅಳೆದಿದ್ದಳು. ಎಪ್ಪತ್ತೊಂದು. ನೆಟ್ಟಗಿನ, ತಿದ್ದಿ ತೀಡಿದ ಮೂಗು, ಸಾಲಿನಲ್ಲಿ ನಿಂತಿದ್ದ ಗಂಡಸರು ಅರ್ಜುನನ ಮೂಗು ನೋಡೋ ಹಾಲೇಶಂದು ಎಂದು ಚುಡಾಯಿಸಿದ್ದರು.

ಮೂರನೆಯ ದಿನ ಸಂಜೆ ನಾಲ್ಕಕ್ಕೆ ಹೆಂಗಸರ ಪಟ್ಟಿಯಲ್ಲಿ ನೂರ ತೊಂಬತ್ತೊಂಬತ್ತು. ಮರುದಿನ ಬೆಳಿಗ್ಗೆ ದೊಡ್ಡಬಸಪ್ಪ ಸರ್‌ಗೆ ಪೂರ್ತಿ ಪಟ್ಟಿ ಒಪ್ಪಿಸಬೇಕು, ಅವಳ ಪ್ರಬಂಧಕ್ಕೆ ಗೈಡ್ ಅವರು, ಇನ್ನೂರು ಅಂದ್ರ ಇನ್ನೂರ ಇರಬೇಕವ್ವಾ, ಗಂಡಸ್ರು ಇನ್ನೂರು, ಹೆಣ್ಣಮಕ್ಕಳು ಇನ್ನೂರು, ತಕ್ಕಡಿ ಸಮ ಇರಬೇಕು ಎಂದು ಸಾವಿರ ಸಲ ಹೇಳಿದವರು, ಒಂದೇ ಒಂದು ಮೂಗಿಗೆ ಮತ್ತೆ ಕುಷ್ಟಗಿಗೆ ಹೋಗಬೇಕೇ, ತನ್ನ ಅಮ್ಮನ ಮೂಗನ್ನೇ ಬರೆದುಬಿಡಲೇ ಎಂದು ಯೋಚಿಸುತ್ತ ಕ್ಯಾಲಿಪರ್ ಒರೆಸುತ್ತಿದ್ದಾಗ ಹಾಲೇಶ, ಒಬ್ಬಾಕಿ ಕಮ್ಮಿ ಅಂತೇನ್ರಿ ಮೇಡಮ್ಮಾರ, ನಮ್ಮಾಕಿ ಇಲ್ಲೇನ್ರಿ, ಇಲ್ಲೇ ಹಿತ್ತಲ ಮನಿ, ಕರಸ್ತೀನಿ ತಡೀರಿ — ಅವಳು ಬಂದಳು, ಅನ್ನಮ್ಮ, ಮೂವತ್ತೆರಡೋ ಮೂವತ್ಮೂರೋ, ಮುಂಗೈತನಕ ಜೋಳದ ಹಿಟ್ಟು, ತೊಳೆದುಕೊಳ್ಳಲೂ ಬಿಡದೆ ಕರೆದಿದ್ದರೇನೋ, ಸ್ಟೂಲಿನ ತುದಿಯಲ್ಲಿ ಕೂತು ಹಿಟ್ಟಿನ ಕೈಗಳನ್ನು ಸೀರೆಗೆ ತಾಕದಂತೆ ಮೇಲಕ್ಕೆತ್ತಿ ಹಿಡಿದಳು, ಗುಲ್ಶನ ಎಂದಿನಂತೆ ಎಡಗೈ ತೋರುಬೆರಳನ್ನು ಹುಬ್ಬುಗಳ ನಡುವಿನ ತಗ್ಗಿನಲ್ಲಿಟ್ಟು ಕೆಳಕ್ಕೆ ಜಾರಿಸಿದಳು. ಅಲ್ಲಿ. ಬೆರಳು ಎಡವಿತು. ಮೂಗಿನ ಎಲುಬು ನಡುವೆ ಮೆಟ್ಟಿಲಿಳಿದಂತೆ ಇಳಿದು ಎಡಕ್ಕೆ ಸರಿದು ಕೂತಿತ್ತು, ಹಳೆಯದು, ವರ್ಷದ ಮೇಲಿನದು, ಅದರ ಮೇಲೆ ಚರ್ಮ ಇನ್ನೂ ಬಿಸಿ, ಅದು ಹೊಸದು, ವಾರದ್ದು, ಪೌಡರಿನ ಕೆಳಗೆ ಹಳದಿ ಹಸಿರು, ಒತ್ತಿದ್ದಕ್ಕೆ ಬಲಗಣ್ಣಿನಿಂದ ನೀರು ತಾನೇ ತಾನಾಗಿ ಇಳಿಯಿತು, ಮುಖ ಅಲುಗಲಿಲ್ಲ. ಇಬ್ಬರ ನಡುವೆ ಒಂದು ಗೇಣು. ಪೆಟ್ಟೇನರ ಬಿದ್ದಿತ್ತೇನಮ್ಮಾ ಮೂಗಿಗೆ? ಫಾರಮ್ಮಿನ ಏಳನೆಯ ಪ್ರಶ್ನೆ, ಎಲ್ಲರಿಗೂ ಕೇಳುವುದು, ಕೇಳಿದಳು. ಅನ್ನಮ್ಮ ಗಂಡನ ಕಡೆ ನೋಡಲಿಲ್ಲ. ಗುಲ್ಶನಳನ್ನು ನೋಡಿದಳು, ನೇರ ನೋಡಿದಳು, ಬಾವಿಯ ಕಟ್ಟೆಗೆ ಬಂದು ನಿಂತವಳು ಹಗ್ಗ ಇದೆಯೋ ಇಲ್ಲವೋ ನೋಡುವ ಹಾಗೆ, ಎಷ್ಟು ಹೊತ್ತು, ಒಂದು ಉಸಿರು, ಎರಡು ಉಸಿರು, ಗುಲ್ಶನಳ ಬೆರಳು ಇನ್ನೂ ಆ ಮೆಟ್ಟಿಲ ಮೇಲೆಯೇ ಇತ್ತು, ಆಮೇಲೆ ಗುಲ್ಶನ ಕಣ್ಣು ತಗ್ಗಿಸಿ ಫಾರಂ ನೋಡಿದಳು, ಆಗ ಇಲ್ರಿ ಅಂದಳು ಅವಳು. ಅವರವ್ವಂದೂ ಹಂಗ ಐತ್ರಿ ಮೇಡಮ್ಮಾರ, ವಂಶದ ಮೂಗು ಎಂದು ಹಾಲೇಶ ನಕ್ಕ. ಗುಲ್ಶನ ಇಲ್ಲ ಎಂಬುದರ ಮುಂದೆ ಗುರುತು ಹಾಕಿದಳು. ಉದ್ದ ನಲವತ್ಮೂರು, ಅಗಲ ಮೂವತ್ತೇಳು, ಎಂಬತ್ತಾರು. ಕಾರ್ಡು ಬರೆದು ಸಹಿ ಮಾಡಿ ಕೊಡಹೋದರೆ ಅನ್ನಮ್ಮನ ಕೈಯಲ್ಲಿ ಹಿಟ್ಟು, ಹಾಲೇಶ ಇಸಿದುಕೊಂಡ. ಆಮೇಲೆ ಚಹಾ ಬಂತು. ಕುಡಿದಳು. ಶುಂಠಿ ಹಾಕಿದ್ದರು.

ಬೂದಗುಂಪಾ ಕ್ರಾಸ್, ಬೂದಗುಂಪಾ, ಇಳಿಯೋರು ಇಳೀರಿ. ಇಳಿದುಬಿಡಬಹುದಿತ್ತು, ಎದುರಿನ ಬಸ್ಸು ಹಿಡಿದು ವಾಪಸ್ಸು, ಮೈಯಾಗ ಹುಷಾರಿಲ್ರಿ ಎಂದು ಮೆಹಬೂಬಬೀಗೆ ಒಂದು ಮೆಸೇಜು, ದೊಡ್ಡಬಸಪ್ಪ ಸರ್ ಹೇಳಿದ್ದೂ ಸುಮಾರಾಗಿ ಅದನ್ನೇ, ನಿನ್ನೆ ಫೋನು ಮಾಡಿದಾಗ ಪಾಪ ಗಾಬರಿಯಾಗಿದ್ದರು, ಕೆಟ್ಟವರಲ್ಲ ಅವರು, ನೋಡವ್ವಾ, ನೀ ಕೇಳಿದಿ, ಆಕಿ ಇಲ್ಲ ಅಂದ್ಲು, ನೀ ಬರದಿ, ಅಷ್ಟ ಹೇಳು, ಅದು ಖರೇನ ಐತಲ್ಲ, ನೀ ಏನ ಪೊಲೀಸೇನು, ಹೆಚ್ಚಿಗಿ ಮಾತಾಡಿದ್ರ ನಿನ್ನ ಡಿಗ್ರಿಗೆ ಬರತೈತಿ, ನನ್ನ ಹೆಸರೂ ಐತಿ ಅದರಾಗ. ಖರೇನೇ ಇತ್ತು. ಕೇಳಿದಳು, ಇಲ್ಲ ಅಂದಳು, ಬರೆದಳು. ವೈವಾದ ದಿನ ಹೊರಗಿನಿಂದ ಬಂದ ಪರೀಕ್ಷಕರು ಹೆಂಗಸರ ಪಟ್ಟಿಯ ಮೇಲೆ ಪೆನ್ನು ಆಡಿಸುತ್ತ ಎಲ್ಲರೂ ಎಪ್ಪತ್ತರಲ್ಲಿ, ಎಂಬತ್ತರ ಅಂಚಿನಲ್ಲಿದ್ದಾರೆ, ಈ ಎಂಬತ್ತಾರು ಯಾರಮ್ಮಾ, ಗುಂಪಿನಿಂದ ಹೊರಗೆ ನಿಂತಿದ್ದಾಳಲ್ಲ ಎಂದು ಕೇಳಿದಾಗಲೂ ಅವಳು ನಿಂತ ನಿಲುವಿನಲ್ಲಿ, ಸಹಜ ವ್ಯತ್ಯಾಸ ಸರ್ ಅಂದಿದ್ದಳು, ಅವರು ತಲೆಯಾಡಿಸಿದರು, ಸರಿ, ಗಂಡಸರ ಮೂಗಿಗೂ ಹೆಂಗಸರ ಮೂಗಿಗೂ ವ್ಯತ್ಯಾಸ ಚೆನ್ನಾಗಿ ತೋರಿಸಿದ್ದೀರಿ ಎಂದು ಕೈ ಕುಲುಕಿದರು, ಕುಷ್ಟಗಿಯಲ್ಲಿ ಅಮ್ಮ ಓಣಿಗೆಲ್ಲ ಪೇಢೆ ಹಂಚಿದಳು, ಅಬ್ಬಾ ತನ್ನ ಟೇಲರ್ ಅಂಗಡಿಯ ಗೋಡೆಗೆ ಮಗಳ ಫೋಟೋ ಹಾಕಿದ. ಸಹಜ ವ್ಯತ್ಯಾಸ. ಆ ಮಾತು ಬಾಯಿಂದ ಎಷ್ಟು ನಯವಾಗಿ ಬಂದಿತ್ತು.

ಅಬ್ಬಾನ ಕೈಯಲ್ಲಿ ಅಳತೆಯ ಟೇಪು ಹಾವಿನಂತೆ ಆಡುತ್ತಿತ್ತು, ಶಬ್ಬೀರಸಾಬ ಅಂದರೆ ಕುಷ್ಟಗಿಯಲ್ಲಿ ಬ್ಲೌಸಿಗೆ ಹೆಸರಾದವನು, ಹೆಂಗಸರ ಮೈಗೆ ಬೆರಳು ತಾಕದಂತೆ ಅಳೆಯುತ್ತಿದ್ದ, ಅವನು ಹೇಳಿದ ಅಂಕಿಯನ್ನು ಹತ್ತು ವರ್ಷದ ಗುಲ್ಶನ ವಹಿಯಲ್ಲಿ ಬರೆದುಕೊಳ್ಳುವುದು, ಒಂದು ದಿನ ಒಬ್ಬ ಮಾಸ್ತರರ ಹೆಂಡತಿ, ತೋಳು ಅಳೆಯಲು ಸೆರಗು ಸರಿಸಿದರೆ ಮೊಣಕೈ ಮೇಲೆ ನಾಲ್ಕು ಬೆರಳಿನ ನೀಲಿ, ಅಬ್ಬಾನ ಟೇಪು ಗಾಳಿಯಲ್ಲಿ ಒಂದು ಕ್ಷಣ ನಿಂತಿತು, ಅವನು ಎಂಟು ಅನ್ನುವವನು ಹತ್ತು ಅಂದ, ಎರಡು ಇಂಚು ಹೆಚ್ಚು, ತೋಳು ಉದ್ದ ಇಡತೀನ್ರಿ ಅಕ್ಕಾರ, ಈಗ ಅದ ಫ್ಯಾಷನ್ನು, ಆ ಹೆಂಗಸು ಎಷ್ಟು ಉಪಕಾರದ ಕಣ್ಣಿನಿಂದ ಅವನನ್ನು ನೋಡಿದ್ದಳು, ಗುಲ್ಶನ ಬಹಳ ವರ್ಷ ಅದನ್ನು ತನ್ನ ಅಪ್ಪನ ದೊಡ್ಡತನ ಎಂದೇ ಎದೆಯಲ್ಲಿ ಇಟ್ಟುಕೊಂಡಿದ್ದಳು, ನೋಡಿಯೂ ನೋಡದ ಹಾಗೆ ಇರುವುದು, ಮಾನ ಮುಚ್ಚುವುದು. ಇವತ್ತು ಈ ಬಸ್ಸಿನಲ್ಲಿ ಅದು ಬೇರೆಯಾಗಿ ಕಾಣುತ್ತಿದೆ, ಅಬ್ಬಾ, ಯಾರ ಮಾನ ಮುಚ್ಚಿದಿ, ಆ ಎರಡು ಇಂಚು ಅರಿವೆಯ ಕೆಳಗೆ ಆ ಮಾಸ್ತರ ಎಷ್ಟು ವರ್ಷ — ಅಲ್ಲ, ಅಬ್ಬಾನನ್ನು ಯಾಕೆ ಎಳೆಯುತ್ತೀ, ಅವನು ಮುಚ್ಚಿದ್ದು ಅರಿವೆಯಿಂದ, ನೀನು ಮುಚ್ಚಿದ್ದು ಸೀಲಿನಿಂದ, ಅವನು ಆ ಹೆಂಗಸಿಗೆ ಬ್ಲೌಸು ಕೊಟ್ಟ, ನೀನು ಆ ಗಂಡಸಿಗೆ ಕಾರ್ಡು ಕೊಟ್ಟೆ.

ಕೊಪ್ಪಳ. ಬಿಸಿಲು ಗುಡ್ಡದ ಬಂಡೆಗಳ ಮೇಲೆ ಕಾಯುತ್ತಿದೆ, ಬಸ್‌ಸ್ಟ್ಯಾಂಡಿನಿಂದ ನಡೆದೇ ಹೋದಳು, ಆಟೋ ಬೇಕೇನ್ರಿ, ಬ್ಯಾಡ, ಎಷ್ಟು ನಿಧಾನ ನಡೆದರೂ ಕೇಂದ್ರ ಬಂದೇಬಿಟ್ಟಿತು, ಒಂದು ಹಳೆಯ ಮನೆಯ ಮುಂದಿನ ಕೋಣೆ, ಪ್ಲಾಸ್ಟಿಕ್ ಕುರ್ಚಿಗಳು, ಮೆಹಬೂಬಬೀ ಐವತ್ತರ ಗಟ್ಟಿ ಹೆಂಗಸು, ಮೂಗು ನೋಡಬೇಡ ಎಂದು ಕಣ್ಣಿಗೆ ಹೇಳಿಕೊಂಡಳು, ಬರ್ರಿ ಡಾಕ್ಟರ, ಕುಂದರ್ರಿ, ನೀರ ಕುಡೀರಿ. ಹಾಲೇಶ ಎದ್ದು ನಿಂತು ಕೈ ಮುಗಿದ. ಅದೇ ಇಸ್ತ್ರಿ ಅಂಗಿ. ಮೇಡಮ್ಮಾರ ಆರಾಮಿದೀರಿ? ನೋಡ್ರಿ, ನಿಮಗ ಎಷ್ಟ ತ್ರಾಸು ಕೊಟ್ಟಂಗಾತು, ಇವರೆಲ್ಲ ಕೂಡಿ — ಎದುರಿನ ಸಾಲಿನಲ್ಲಿ ಬೇವೂರಿನಿಂದ ಬಂದ ಅನ್ನಮ್ಮನ ಅಣ್ಣ ಹನಮೇಶ, ಒರಟು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡವನು, ಅವನ ಪಕ್ಕದಲ್ಲಿ ಅನ್ನಮ್ಮ. ಗುಲ್ಶನ ನೋಡಲಾರದೆ ನೋಡಿದಳು. ಮೂಗು ಮೂಗಿನ ಜಾಗದಲ್ಲಿ ಇರಲಿಲ್ಲ, ಎಡಗೆನ್ನೆಯ ಕಡೆ ಒರಗಿಬಿಟ್ಟಿತ್ತು, ಆಗಿನ ಮೆಟ್ಟಿಲು ಈಗ ಕುಸಿದ ಗೋಡೆ, ಎಡಹೊಳ್ಳೆ ಮುಚ್ಚಿಹೋಗಿ ಬಲದ್ದು ಗೆರೆಯಷ್ಟೇ ತೆರೆದು, ಉಸಿರಿಗೆ ದಾರಿ ಇಲ್ಲದೆ ಬಾಯಿ ಅರೆ ತೆರೆದು ಕೂತಿದ್ದಳು, ತುಟಿಗಳು ಒಣಗಿ ಬಿರಿದಿದ್ದವು, ಒಂದೊಂದು ಉಸಿರೂ ಹಾ, ಹಾ, ಎಂದು ಕೋಣೆಗೆಲ್ಲ ಕೇಳಿಸುತ್ತಿತ್ತು. ಮೂಗ ಹಿಡದ್ರ ಬಾಯಿ ತಾನ ಬಿಡತೈತಿ ಅಂತಾರ್ರಿ ಮಂದಿ, ಎಂದ ಹನಮೇಶ ಯಾರನ್ನೂ ನೋಡದೆ, ನಮ್ಮ ತಂಗಿ ಮೂಗ ಮುರದ್ರೂ ಇಷ್ಟ ವರ್ಷ ಬಾಯಿ ಬಿಡಲಿಲ್ರಿ, ಬಿಟ್ಟ ಮ್ಯಾಲೆ ಈ ಚೀಟಿ ಅಡ್ಡ ಬಂತು.

ಚೀಟಿ ಟೇಬಲ್ಲಿನ ಮೇಲಿತ್ತು, ಪ್ಲಾಸ್ಟಿಕ್ಕಿನೊಳಗೆ ಹಳದಿ ಹಾಗೇ ಹೊಸದು. ಇದು ನಿಮ್ಮ ಸಹಿ ಹೌದಲ್ರಿ ಡಾಕ್ಟರ? ಹೌದ್ರಿ. ಗಾಯ ಕಂಡುಬಂದಿಲ್ಲ ಅಂತ ಬರದೀರಿ, ನೋಡಿ ಬರದದ್ದೋ ಹಂಗ ಬರದದ್ದೋ? ಸರ್ ಹೇಳಿದ ವಾಕ್ಯ ಬಾಯಲ್ಲಿ ತಯಾರಿತ್ತು, ಕೇಳಿದೆ, ಇಲ್ಲ ಅಂದರು, ಬರೆದೆ, ಮೂರು ಮಾತು, ಮೂರೂ ಖರೆ, ಹೇಳಿದರೆ ಮಧ್ಯಾಹ್ನದ ಬಸ್ಸಿಗೆ ಗಂಗಾವತಿ, ನಾಳೆ ಒಂಬತ್ತಕ್ಕೆ ಕ್ಲಾಸು, ಎಲುಬುಗಳ ಪಾಠ, ಹಾ, ಹಾ, ಎನ್ನುವ ಆ ಸಪ್ಪಳ ಮಾತ್ರ ನಿಲ್ಲುತ್ತಿಲ್ಲ, ಗುಲ್ಶನಳಿಗೆ ತನ್ನದೇ ಉಸಿರು ಕಳ್ಳತನದ್ದೆನ್ನಿಸಿತು, ಎರಡು ಹೊಳ್ಳೆ ತುಂಬ ಸದ್ದಿಲ್ಲದೆ ಎಳೆದುಕೊಳ್ಳುತ್ತಿರುವ ಉಸಿರು, ಮತ್ತು ಅವಳ ಬಾಯಿಂದ, ಗೊತ್ತಿತ್ರಿ, ಎಂದು ಬಂತು. ಏನ ಗೊತ್ತಿತ್ತು, ಮೆಹಬೂಬಬೀ ಪೆನ್ನು ಎತ್ತಿದರು. ಮುರದಿತ್ರಿ. ಮುಟ್ಟಿದಾಗ ಗೊತ್ತಾತು. ಒಂದು ಹಳೇ ಮುರಿತ, ಅದರ ಮ್ಯಾಲೆ ಒಂದು ಹೊಸಾ ಪೆಟ್ಟು, ವಾರದ್ದು, ಬಾವು ಇತ್ತು, ಬಿಸಿ ಇತ್ತು, ಹುಟ್ಟಿನಿಂದ ಬಂದದ್ದು ಅಲ್ಲ, ಹುಟ್ಟಿನಿಂದ ಬಂದದ್ದು ಹಂಗ ಇರಂಗಿಲ್ಲ. ಮತ್ತ ಇಲ್ಲ ಅಂತ ಯಾಕ ಬರದ್ರಿ? ನನಗ ಇನ್ನೂರು ಬೇಕಾಗಿತ್ರಿ. ಹೇಳಿದ ಮೇಲೆ ಆ ಮಾತು ಎಷ್ಟು ಸಣ್ಣದು ಎಂದು ಅವಳಿಗೇ ಕೇಳಿಸಿತು, ಒಂದು ಕಮ್ಮಿ ಇತ್ರಿ, ಅದಕ್ಕ. ಹಾಲೇಶ ನಗುಮುಖ ಬಿಡದೆಯೇ, ಆವತ್ತ ನಮ್ಮನಿ ಚಹಾ ಕುಡದ ಹೋದ್ರಿ ಮೇಡಮ್ಮಾರ, ಹಿಂಗ ಮಾತಾಡ್ತೀರಿ ಅಂತ ಗೊತ್ತಿದ್ದಿಲ್ಲ, ಸರಕಾರಿ ಸೀಲಿನ ಮ್ಯಾಲೆ ಸುಳ್ಳ ಬರದೀರಿ ಅಂತ ನೀವ ಒಪ್ಪಿದಂಗಾತು, ಅಂದ. ಹೌದ್ರಿ, ಸುಳ್ಳ ಬರದೀನಿ, ಅಂದಳು ಗುಲ್ಶನ, ಅದನ್ನೂ ಬರಕೊಳ್ರಿ ಮೆಹಬೂಬಬೀ, ನಾನು ಸಹಿ ಮಾಡ್ತೀನಿ, ಕಾಲೇಜಿಗೂ ಬರದ ಕೊಡ್ತೀನಿ. ಪೆನ್ನು ಗರಗರ ಓಡಿತು, ಹನಮೇಶ ತಲೆಯೆತ್ತಿ ಮೊದಲ ಸಲ ಅವಳನ್ನು ನೋಡಿದ, ಹಾಲೇಶ ಕಾರ್ಡಿಗೆ ಕೈ ಚಾಚಿದ, ಅದು ಇಲ್ಲೇ ಇರಲಿ ಎಂದು ಮೆಹಬೂಬಬೀ ಅದರ ಮೇಲೆ ತಮ್ಮ ದಪ್ಪ ಅಂಗೈ ಊರಿದರು, ಎಲ್ಲ ಸರಿಹೋಗುತ್ತಿದೆ, ಹೇಳಿಬಿಟ್ಟೆ, ಹೇಳಿಬಿಟ್ಟೆ, ಎದೆಯ ಮೇಲಿನ ಕಲ್ಲು ಇಳಿಯಬೇಕಿತ್ತಲ್ಲ ಎಂದು ಅವಳು ಕಾಯುತ್ತಿದ್ದಳು, ಒಂದು ಕೃತಜ್ಞತೆಯ ಕಣ್ಣು ತನ್ನ ಕಡೆ ತಿರುಗೀತೆಂದು, ಥೂ, ಅದನ್ನೂ ಕಾಯುತ್ತಿದ್ದಳು.

ಅನ್ನಮ್ಮ ತಿರುಗಿದಳು. ಗೊತ್ತಿತ್ತೇನ್ರಿ ನಿಮಗ? ಮೂಗಿಲ್ಲದ ದನಿ, ಮಾತಿನ ನಡುನಡುವೆ ಬಾಯಿಂದ ಗಾಳಿ ಎಳೆದುಕೊಳ್ಳುವ ದನಿ. ಆವತ್ತ, ಅಲ್ಲೇ, ಬೆರಳಿಟ್ಟಾಗ, ಗೊತ್ತಿತ್ತೇನ್ರಿ? ಹೌದಮ್ಮಾ. ಅನ್ನಮ್ಮ, ಹಾ, ಹಾ, ಎಂದು ಗಾಳಿ ಎಳೆದುಕೊಂಡು ಸಿಟ್ಟಿಲ್ಲದೆ, ಯಾರಿಗೋ ದಾರಿ ಹೇಳುವವಳಂತೆ ಹೇಳಿದಳು, ನಾ ಏನ ತಿಳಕೊಂಡಿದ್ನಿ ಅಂದ್ರ, ನಿಮ್ಮ ಕೈಗೆ ಸಿಗಲಿಲ್ಲ ಅಂತ. ರೊಟ್ಟಿ ಬಡಿಯಾಕ ಹೋಗಿ ಕುಂತು ವಿಚಾರ ಮಾಡಿದ್ನಿ, ಅಷ್ಟ ಓದಿದ ಡಾಕ್ಟರ, ಮಿಷಿನ್ ಹಚ್ಚಿ ನೋಡಿದ್ರು, ಏನೂ ಇಲ್ಲ ಅಂತ ಬರದ್ರು, ಅಂದ್ರ ಏನೂ ಆಗಿಲ್ಲ ನನಗ, ನಾನ ದೊಡ್ಡದ ಮಾಡ್ಕೊಂಡೀನಿ, ಅಷ್ಟೇನ ಮುರದಿಲ್ಲ ಅಂತ. ಮತ್ತ ವರ್ಷ ತುಂಬ ಅದ ಧೈರ್ಯದ ಮ್ಯಾಲೆ ಇದ್ನಿರಿ. ಫ್ಯಾನು ತಿರುಗುತ್ತಿತ್ತು. ಮೆಹಬೂಬಬೀ ಗಂಟಲು ಸರಿಪಡಿಸಿಕೊಂಡು, ಡಾಕ್ಟರ, ಈಗೊಂದ ಸಲ ಮುಟ್ಟಿ ನೋಡಿ, ಹಳೇದು ಯಾವುದು ಹೊಸಾದು ಯಾವುದು ಬರದ ಕೊಟ್ರ ಕೇಸಿಗೆ ಗಟ್ಟಿ ಆಗತೈತ್ರಿ ಅಂದರು, ಗುಲ್ಶನ ಎದ್ದಳು, ಎರಡು ಹೆಜ್ಜೆ, ಎಡಗೈ ತಾನಾಗಿ ಮುಂದೆ ಹೋಯಿತು, ಬ್ಯಾಡ್ರಿ ಎಂದು ಅನ್ನಮ್ಮ ಮುಖ ಹಿಂದಕ್ಕೆಳೆದು ಅಂಗೈಯನ್ನು ನಡುವೆ ಅಡ್ಡ ಹಿಡಿದಳು, ನೀವ ಬ್ಯಾಡ್ರಿ, ಬ್ಯಾರೇ ಯಾರಾದರೂ ಮುಟ್ಲಿ.

ಸರಿ ಎಂದು ಮೆಹಬೂಬಬೀಯೇ ಮಾತು ಮುಂದುವರಿಸಿದರು, ಜಿಲ್ಲಾ ಆಸ್ಪತ್ರೆಯ ಡಾಕ್ಟರಿಗೆ ಚೀಟಿ, ಠಾಣೆಗೆ ಒಂದು ಅರ್ಜಿ, ಅನ್ನಮ್ಮ ಬೇವೂರಿಗೆ ಅಣ್ಣನ ಸಂಗಡ ಹೋಗುವುದು, ಹಾಲೇಶ ಚಪ್ಪಲಿ ಹಾಕಿಕೊಳ್ಳದೆ ಕೈಯಲ್ಲಿ ಹಿಡಿದುಕೊಂಡೇ ಹೊರಟುಹೋದದ್ದು, ಎಲ್ಲ ಆಯಿತು, ಗುಲ್ಶನ ಹೇಳಿಕೆಯ ಕೆಳಗೆ ಸಹಿ ಮಾಡಿದಳು, ಅದೇ ಹೆಸರು, ಅದರ ಕೆಳಗೆ ಅದೇ ಗೆರೆ ಎಳೆಯಲು ಕೈ ಏಳಲಿಲ್ಲ, ಹೊರಗೆ ಬಂದಾಗ ಫೋನು, ದೊಡ್ಡಬಸಪ್ಪ ಸರ್, ಏನಾತವ್ವಾ, ಹೇಳಿದಳು, ಆ ಕಡೆಯಿಂದ ಅವರು, ಹೋಗ್ಲಿ ಬಿಡು, ನನಗೂ ಆವಾಗ ಆ ಎಂಬತ್ತಾರು ಕಣ್ಣಿಗೆ ಬಿದ್ದಿತ್ತು, ನಾನೂ ಕೇಳಲಿಲ್ಲ ಎಂದು ಫೋನಿಟ್ಟರು. ಬಸ್‌ಸ್ಟ್ಯಾಂಡಿನಲ್ಲಿ ಜನ ಜಾತ್ರೆ, ಯಲಬುರ್ಗಿಯ ಬಸ್ಸಿಗೆ ನುಗ್ಗುವವರು, ಕುಷ್ಟಗಿಯ ಬಸ್ಸಿನಿಂದ ಇಳಿಯುವವರು, ಮುಖಗಳು, ಮುಖಗಳು, ಗಂಡು, ಹೆಣ್ಣು, ಒಂದರ ಮೇಲೂ ಅವಳ ಕಣ್ಣು ನಿಲ್ಲುತ್ತಿಲ್ಲ, ಲೆಕ್ಕ ಏಳುತ್ತಿಲ್ಲ, ಬಾಳೆಹಣ್ಣಿನವಳ ಮುಖದಲ್ಲಿ ಆ ಬಾಯಿ, ಅರೆ ತೆರೆದದ್ದು, ಕಂಡಕ್ಟರನ ಮುಖದಲ್ಲಿ ಆ ಬಾಯಿ, ಬೆಂಚಿನ ಮೇಲೆ ನಿದ್ದೆ ಹೋದ ಹೆಂಗಸಿನ ಮುಖದಲ್ಲಿ, ಕಣ್ಣು ಮುಚ್ಚಿದರೆ ಮುಚ್ಚಿದ ಕಣ್ಣಿನೊಳಗೆ, ಈಗ ಅನ್ನಮ್ಮ ಬೇವೂರಿನ ಬಸ್ಸಿನಲ್ಲಿ ಅಣ್ಣನ ಪಕ್ಕ ಕುಳಿತಿರಬೇಕು, ಕಿಟಕಿ ತೆರೆದಿರಬೇಕು, ಧೂಳು, ಸೆರಗು ಮೂಗಿಗೆ ಅಡ್ಡ ಹಿಡಿದು ಏನು ಫಲ, ಧೂಳು ಬಾಯಿಗೇ ಹೋಗುತ್ತದೆ, ಬಿರಿದ ತುಟಿ, ಒಣಗಿದ ನಾಲಗೆ, ಮುಚ್ಚಲು ಬಾರದ ಆ ಬಾಯಿ, ಹಾ, ಹಾ, ಆ ಬಾಯಿ —